ಹತ್ಯೆಯ ಕಡತ ಮತ್ತು ಕ್ಯಾಮೆರಾದ ಸಾಕ್ಷಿ

1963ರ ನವೆಂಬರ್ 22, ಶುಕ್ರವಾರ. ಅಮೆರಿಕದ ಡಲ್ಲಾಸ್ ನಗರದಲ್ಲಿ ಹೆಂಗಸರ ಸಿದ್ಧ ಉಡುಪುಗಳ ವ್ಯಾಪಾರ ನಡೆಸುತ್ತಿದ್ದ ಅಬ್ರಹಾಂ ಜಪ್ರೂಡರ್ ತಮ್ಮ ಚಲನಚಿತ್ರ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಕಚೇರಿಗೆ ಬಂದಿದ್ದರು. ಬೆಳಗಿನ ಮಳೆಮೋಡ ಚದುರಿ ಬಿಸಿಲು ಬಂದಿತ್ತು. ಅಧ್ಯಕ್ಷ ಜಾನ್ ಕೆನಡಿಯವರ ಮೆರವಣಿಗೆ ಕಚೇರಿಯ ಪಕ್ಕದಲ್ಲೇ ಹಾದುಹೋಗಲಿತ್ತು. ಕಚೇರಿಯ ಸಹಾಯಕಿ ಒತ್ತಾಯಿಸಿದ್ದರಿಂದ ಅವರು ಮನೆಗೆ ಹೋಗಿ ಕ್ಯಾಮೆರಾ ತಂದರು. ಡೀಲಿ ಪ್ಲಾಜಾ ಎಂಬ ಆ ಬಯಲಿನ ಒಂದು ಗಿಡ್ಡ ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತು, ಅಧ್ಯಕ್ಷರ ಕಾರು ತಿರುವಿನಲ್ಲಿ ಕಾಣಿಸಿಕೊಂಡಾಗ ಗುಂಡಿ ಒತ್ತಿದರು.

ಹಾಗೆ ದಾಖಲಾದದ್ದು ಎಂಟು ಮಿಲಿಮೀಟರ್ ಅಗಲದ ಫಿಲ್ಮಿನ 486 ಚೌಕಟ್ಟುಗಳು. ತೆರೆಯ ಮೇಲೆ ಓಡಿಸಿದರೆ ಇಪ್ಪತ್ತಾರು ಸೆಕೆಂಡು ಮಾತ್ರ. ಧ್ವನಿಯೂ ಇಲ್ಲ. ಆದರೆ ಒಬ್ಬ ರಾಷ್ಟ್ರಾಧ್ಯಕ್ಷನ ಕೊಲೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿದಿಟ್ಟ ಈ ಪುಟ್ಟ ಸುರುಳಿ, ಸರ್ಕಾರ ಕೊಟ್ಟ ವಿವರಣೆಗೆ ಆಧಾರವೂ ಆಯಿತು, ಅದನ್ನು ಅಲುಗಾಡಿಸುವ ಸನ್ನೆಗೋಲೂ ಆಯಿತು. ಅಧಿಕೃತ ವರದಿಗಳನ್ನು ಪ್ರಶ್ನಿಸುವ ಸಾಕ್ಷ್ಯಚಿತ್ರಗಳ ಒಂದು ದೊಡ್ಡ ಪರಂಪರೆಯೇ ಅಲ್ಲಿಂದ ಬೆಳೆಯಿತು. ಅದರಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಎಂಬುದು ಈ ಲೇಖನದ ವಿಷಯ.

ವಿಚಾರಣೆಯೇ ನಡೆಯದ ಮೊಕದ್ದಮೆ

ಕೊಲೆ ನಡೆದ ಮಧ್ಯಾಹ್ನವೇ ಲೀ ಹಾರ್ವೆ ಆಸ್ವಾಲ್ಡ್ ಎಂಬ 24 ವರ್ಷದ ಯುವಕನನ್ನು ಪೊಲೀಸರು ಹಿಡಿದರು. ಆತ ಮೆರವಣಿಗೆಯ ಹಾದಿಯಲ್ಲಿದ್ದ ಪಠ್ಯಪುಸ್ತಕಗಳ ಉಗ್ರಾಣದ ನೌಕರ. ಆ ಕಟ್ಟಡದ ಆರನೆಯ ಮಹಡಿಯಲ್ಲಿ ಇಟಲಿಯಲ್ಲಿ ತಯಾರಾದ ಒಂದು ಹಳೆಯ ರೈಫಲ್ ಸಿಕ್ಕಿತು. ಎರಡು ದಿನಗಳ ನಂತರ, ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿ, ಟಿ.ವಿ. ಕ್ಯಾಮೆರಾಗಳ ಕಣ್ಣೆದುರೇ ಜ್ಯಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕ ಆಸ್ವಾಲ್ಡ್‌ನನ್ನು ಗುಂಡಿಟ್ಟು ಕೊಂದ. ಮುಖ್ಯ ಆರೋಪಿಯೇ ಇಲ್ಲವಾದ ಮೇಲೆ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುವ ಪ್ರಶ್ನೆಯೂ ಇಲ್ಲವಾಯಿತು.

ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ನವೆಂಬರ್ 29ರಂದು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರ ನೇತೃತ್ವದಲ್ಲಿ ಏಳು ಮಂದಿಯ ಆಯೋಗ ನೇಮಿಸಿದರು. ಹತ್ತು ತಿಂಗಳಲ್ಲಿ, 1964ರ ಸೆಪ್ಟೆಂಬರ್ 24ರಂದು, 888 ಪುಟಗಳ ವರದಿ ಬಂತು. ಗುಂಡು ಹಾರಿಸಿದವನು ಆಸ್ವಾಲ್ಡ್ ಒಬ್ಬನೇ. ಹಾರಿದ್ದು ಮೂರು ಗುಂಡು. ದೇಶದೊಳಗಿನ ಅಥವಾ ಹೊರಗಿನ ಯಾವುದೇ ಸಂಚಿಗೆ ಪುರಾವೆ ದೊರೆತಿಲ್ಲ ಎಂಬುದು ಅದರ ಸಾರ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನ್ಯಾಯಾಲಯದಲ್ಲಾದರೆ ಆರೋಪಿಯ ಪರ ಒಬ್ಬ ವಕೀಲನಿರುತ್ತಾನೆ. ಪ್ರತಿ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸುತ್ತಾನೆ. ಆ ಒರೆಗಲ್ಲಿನ ಮೇಲೆ ಉಜ್ಜಿಸಿಕೊಂಡು ಉಳಿದದ್ದನ್ನು ನಾವು ಸತ್ಯವೆಂದು ಒಪ್ಪುತ್ತೇವೆ. ವಾರನ್ ಆಯೋಗದಲ್ಲಿ ಅಂಥ ಏರ್ಪಾಡು ಇರಲಿಲ್ಲ. ನ್ಯೂಯಾರ್ಕಿನ ವಕೀಲ ಮಾರ್ಕ್ ಲೇನ್ ಅವರು ಆಸ್ವಾಲ್ಡ್‌ನ ತಾಯಿಯ ಕೋರಿಕೆಯ ಮೇರೆಗೆ, ಸತ್ತವನ ಪರವಾಗಿ ವಾದಿಸಲು ಅವಕಾಶ ಕೇಳಿದರು. ಆಯೋಗ ನಿರಾಕರಿಸಿತು. ಲೇನ್ ತಮ್ಮ ವಾದವನ್ನು ಮೊದಲು ಪುಸ್ತಕವಾಗಿಸಿದರು, ಆಮೇಲೆ ಸಿನಿಮಾ ಆಗಿಸಿದರು.

ಎಮಿಲ್ ಡಿ ಆಂಟೋನಿಯೋ ನಿರ್ದೇಶಿಸಿದ ‘ರಷ್ ಟು ಜಡ್ಜ್‌ಮೆಂಟ್’ 1967ರಲ್ಲಿ ತೆರೆ ಕಂಡಿತು. ಕಪ್ಪು-ಬಿಳುಪಿನ ಈ ಚಿತ್ರದಲ್ಲಿ ಆಡಂಬರ ಏನೂ ಇಲ್ಲ. ಡಲ್ಲಾಸಿನ ಸಾಮಾನ್ಯ ಜನರು ಕುಳಿತು, ನಿಂತು, ತಾವು ಕಂಡದ್ದನ್ನು ಕೇಳಿದ್ದನ್ನು ಹೇಳುತ್ತಾರೆ, ಅಷ್ಟೆ. ಅವರಲ್ಲಿ ಎಸ್. ಎಂ. ಹಾಲಂಡ್ ಎಂಬ ರೈಲ್ವೆ ನೌಕರರೂ ಒಬ್ಬರು. ಗುಂಡಿನ ಸದ್ದಿನ ವೇಳೆಗೆ ಮುಂಭಾಗದ ಹುಲ್ಲಿನ ದಿಬ್ಬದ ಮೇಲಿನ ಮರಗಳ ಕೆಳಗಿಂದ ಹೊಗೆ ಎದ್ದದ್ದನ್ನು ಕಂಡೆ ಎಂಬುದು ಅವರ ಹೇಳಿಕೆ. ಉಗ್ರಾಣವಿದ್ದದ್ದು ಕಾರಿನ ಹಿಂದೆ, ದಿಬ್ಬವಿದ್ದದ್ದು ಕಾರಿನ ಮುಂದೆ. ಹಾಲಂಡ್ ಇದನ್ನು ಆಯೋಗದ ಮುಂದೆಯೂ ಹೇಳಿದ್ದರು. ಆಯೋಗವೇ ಪ್ರಕಟಿಸಿದ 26 ಸಂಪುಟಗಳಲ್ಲಿ ಆ ಸಾಕ್ಷ್ಯವಿತ್ತು. ಆದರೆ 26 ಸಂಪುಟ ಓದುವವರು ಯಾರು? ಸಂಪುಟಗಳಲ್ಲಿ ಹೂತುಹೋಗಿದ್ದ ಮಾತಿಗೆ ಸಾಕ್ಷ್ಯಚಿತ್ರ ಮುಖ ಕೊಟ್ಟಿತು, ದನಿ ಕೊಟ್ಟಿತು.

ಅದೇ ವರ್ಷದ ಜೂನ್‌ನಲ್ಲಿ ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ನಾಲ್ಕು ರಾತ್ರಿಗಳ ಕಾರ್ಯಕ್ರಮ ಪ್ರಸಾರ ಮಾಡಿತು. ಜನಪ್ರಿಯ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ನಡೆಸಿಕೊಟ್ಟ ಆ ಕಾರ್ಯಕ್ರಮ ಆಯೋಗದ ತೀರ್ಮಾನವನ್ನೇ ಬೆಂಬಲಿಸಿತು. ನ್ಯಾಯಾಲಯದಲ್ಲಿ ನಡೆಯಬೇಕಿದ್ದ ವಾದ-ಪ್ರತಿವಾದ ಹೀಗೆ ತೆರೆಯ ಮೇಲೆ ನಡೆಯತೊಡಗಿತು. ವ್ಯತ್ಯಾಸವೆಂದರೆ ಇಲ್ಲಿ ನ್ಯಾಯಾಧೀಶರಿರಲಿಲ್ಲ, ತೀರ್ಪಿನ ದಿನವೂ ಇರಲಿಲ್ಲ.

ಒಂದೇ ಗುಂಡಿನ ಲೆಕ್ಕ

ಜನರ ಸಂದೇಹಕ್ಕೆ ಮುಖ್ಯ ಕಾರಣ ‘ಒಂದೇ ಗುಂಡಿನ ವಾದ’. ಇದನ್ನು ಸ್ವಲ್ಪ ತಾಳ್ಮೆಯಿಂದ ತಿಳಿಯುವುದು ಒಳ್ಳೆಯದು.

ಜಪ್ರೂಡರ್ ಕ್ಯಾಮೆರಾ ಸೆಕೆಂಡಿಗೆ ಸರಾಸರಿ 18.3 ಚೌಕಟ್ಟುಗಳನ್ನು ದಾಖಲಿಸುತ್ತಿತ್ತು. ಹಾಗಾಗಿ ಆ ಫಿಲ್ಮ್ ಒಂದು ಗಡಿಯಾರವೂ ಹೌದು. ಆಸ್ವಾಲ್ಡ್‌ನ ರೈಫಲ್‌ನಲ್ಲಿ ಒಂದು ಗುಂಡು ಹಾರಿಸಿ, ಬೋಲ್ಟ್ ಎಳೆದು, ಮತ್ತೊಂದು ಹಾರಿಸಲು ಕನಿಷ್ಠ 2.3 ಸೆಕೆಂಡು ಬೇಕೆಂದು ಪರೀಕ್ಷೆಯಿಂದ ತಿಳಿದಿತ್ತು. ಅಂದರೆ ಸುಮಾರು 42 ಚೌಕಟ್ಟು. ಕೆನಡಿಯವರಿಗೆ ಮೊದಲ ಗುಂಡು ತಗಲಿದ್ದು 210ರಿಂದ 225ನೆಯ ಚೌಕಟ್ಟಿನ ನಡುವೆ ಎಂದು ಆಯೋಗ ಅಂದಾಜು ಮಾಡಿತು. ಮುಂದಿನ ಆಸನದಲ್ಲಿದ್ದ ಟೆಕ್ಸಾಸ್ ಗವರ್ನರ್ ಜಾನ್ ಕಾನಲಿ ಅವರಿಗೂ ಗುಂಡು ತಗಲಿತ್ತು. ಅದು 240ನೆಯ ಚೌಕಟ್ಟಿನ ನಂತರ ಇರಲಾರದು. ನಡುವೆ ಇರುವುದು ಹೆಚ್ಚೆಂದರೆ 30 ಚೌಕಟ್ಟು, ಒಂದೂವರೆ ಸೆಕೆಂಡಿಗೆ ತುಸು ಹೆಚ್ಚು. ಒಂದೇ ಕೋವಿಯಿಂದ ಎರಡು ಗುಂಡು ಹಾರಿಸಲು ಅಷ್ಟು ಹೊತ್ತು ಸಾಲದು. ಹಾಗಾದರೆ ಉಳಿಯುವ ದಾರಿ ಎರಡೇ: ಒಂದೇ ಗುಂಡು ಇಬ್ಬರನ್ನೂ ಹಾದುಹೋಗಿರಬೇಕು, ಇಲ್ಲವೇ ಗುಂಡಿಟ್ಟವರು ಇಬ್ಬರಿರಬೇಕು.

ಆಯೋಗ ಮೊದಲನೆಯದನ್ನು ಆರಿಸಿಕೊಂಡಿತು. ಟೀಕಾಕಾರರು ಅದನ್ನು ‘ಮಾಯಾ ಗುಂಡು’ ಎಂದು ಹಾಸ್ಯ ಮಾಡಿದರು. ಗುಂಡು ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಬೇಕಾಗುತ್ತದೆ ಎಂದು ತೋರಿಸುವ ರೇಖಾಚಿತ್ರಗಳು ಎಲ್ಲೆಡೆ ಹರಡಿದವು. ಆದರೆ ಆ ರೇಖಾಚಿತ್ರಗಳಲ್ಲೂ ಒಂದು ದೋಷವಿತ್ತು. ಅವು ಕಾನಲಿಯವರನ್ನು ಕೆನಡಿಯವರ ನೇರ ಮುಂದೆ, ಸಮಾನ ಎತ್ತರದಲ್ಲಿ ಕೂರಿಸಿದ್ದವು. ವಾಸ್ತವವಾಗಿ ಕಾನಲಿ ಕುಳಿತಿದ್ದ ಮಡಚುವ ಆಸನ ತಗ್ಗಿನಲ್ಲಿತ್ತು, ಕಾರಿನ ಒಳಭಾಗಕ್ಕೆ ಸರಿದಿತ್ತು. ಆ ಸ್ಥಾನಗಳನ್ನು ಸರಿಯಾಗಿ ಗುರುತಿಸಿದರೆ ಗುಂಡಿನ ದಾರಿ ಬಹುಮಟ್ಟಿಗೆ ನೇರವಾಗುತ್ತದೆ. ಸರ್ಕಾರದ ಲೆಕ್ಕವನ್ನು ಪರೀಕ್ಷಿಸಬೇಕು ನಿಜ. ಪರೀಕ್ಷಿಸುವವರ ಲೆಕ್ಕವನ್ನೂ ಪರೀಕ್ಷಿಸಬೇಕು.

ಕಂಡದ್ದೆಲ್ಲ ಸತ್ಯವೇ?

ಜಪ್ರೂಡರ್ ಫಿಲ್ಮಿನ ಹಕ್ಕುಗಳನ್ನು ‘ಲೈಫ್’ ಪತ್ರಿಕೆ ಒಂದೂವರೆ ಲಕ್ಷ ಡಾಲರಿಗೆ ಕೊಂಡಿತ್ತು. ಬಿಡಿ ಚಿತ್ರಗಳನ್ನು ಮುದ್ರಿಸಿತೇ ಹೊರತು, ಚಲನಚಿತ್ರವಾಗಿ ಸಾರ್ವಜನಿಕರಿಗೆ ತೋರಿಸಲಿಲ್ಲ. ಅಮೆರಿಕದ ಮನೆಮನೆಗಳಲ್ಲಿ ಅದು ಕಾಣಿಸಿದ್ದು 1975ರ ಮಾರ್ಚ್ 6ರ ರಾತ್ರಿ, ಎ.ಬಿ.ಸಿ. ವಾಹಿನಿಯ ಒಂದು ಕಾರ್ಯಕ್ರಮದಲ್ಲಿ. ಹತ್ಯೆಯಾಗಿ ಹನ್ನೊಂದು ವರ್ಷ ದಾಟಿತ್ತು. 313ನೆಯ ಚೌಕಟ್ಟಿನಲ್ಲಿ ಮಾರಣಾಂತಿಕ ಗುಂಡು ತಲೆಗೆ ತಗಲುತ್ತದೆ. ಆ ಕೂಡಲೇ ಕೆನಡಿಯವರ ತಲೆ ಹಿಂದಕ್ಕೆ ವಾಲುತ್ತದೆ. ನೋಡಿದವರು ಬೆಚ್ಚಿಬಿದ್ದರು. ಹಿಂದಿನಿಂದ ಹೊಡೆದರೆ ತಲೆ ಮುಂದಕ್ಕಲ್ಲವೇ ಬಾಗಬೇಕು?

ಜನಾಭಿಪ್ರಾಯದ ಒತ್ತಡ ಹೆಚ್ಚಿತು. 1976ರಲ್ಲಿ ಸಂಸತ್ತಿನ ಪ್ರತಿನಿಧಿ ಸಭೆ ಹೊಸ ತನಿಖಾ ಸಮಿತಿ ರಚಿಸಿತು. ಒಂದು ಫಿಲ್ಮ್ ತುಣುಕು ಮುಚ್ಚಿದ್ದ ಕಡತವನ್ನು ತೆರೆಸಿತ್ತು. 1979ರಲ್ಲಿ ಸಮಿತಿ ಕೊಟ್ಟ ವರದಿ ಅಚ್ಚರಿಯದಾಗಿತ್ತು: ಕೆನಡಿಯವರನ್ನು ಕೊಂದ ಗುಂಡುಗಳು ಆಸ್ವಾಲ್ಡ್‌ನವೇ, ಆದರೆ ದಿಬ್ಬದಿಂದಲೂ ಒಂದು ಗುಂಡು ಹಾರಿದೆ, ಆದ್ದರಿಂದ ಹತ್ಯೆ ‘ಬಹುಶಃ’ ಸಂಚಿನ ಫಲ. ಇದಕ್ಕೆ ಮುಖ್ಯ ಆಧಾರ ಪೊಲೀಸ್ ರೇಡಿಯೋದ ಒಂದು ಧ್ವನಿಮುದ್ರಿಕೆ. ಮೂರೇ ವರ್ಷಕ್ಕೆ, 1982ರಲ್ಲಿ, ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ಆ ಧ್ವನಿಗಳು ಗುಂಡು ಹಾರಿದ ಹೊತ್ತಿನವಲ್ಲ, ಸುಮಾರು ಒಂದು ನಿಮಿಷದ ನಂತರದವು ಎಂದು ತೋರಿಸಿದರು. ‘ಬಹುಶಃ’ ಎಂಬ ಮಾತಿನ ಬುಡವೇ ಕುಸಿಯಿತು.

ಹಿಂದಕ್ಕೆ ವಾಲಿದ ತಲೆಯ ಕಥೆ ಏನು? ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಲೂಯಿ ಅಲ್ವಾರೆಜ್ ಟೇಪು ಸುತ್ತಿದ ಕರಬೂಜದ ಹಣ್ಣುಗಳಿಗೆ ಗುಂಡು ಹೊಡೆಸಿ ನೋಡಿದರು. ಹಣ್ಣು ಗುಂಡು ಬಂದ ದಿಕ್ಕಿಗೇ ಉರುಳಿತು. ಮುಂದಕ್ಕೆ ಚಿಮ್ಮಿದ ತಿರುಳು ಉಳಿದ ಭಾಗವನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು 1976ರಲ್ಲಿ ಅವರು ಪ್ರಕಟಿಸಿದ ವಿವರಣೆ. ಸಂಸತ್ ಸಮಿತಿಯ ಒಂಬತ್ತು ಶವಪರೀಕ್ಷಾ ತಜ್ಞರಲ್ಲಿ ಎಂಟು ಮಂದಿ ಗುಂಡುಗಳು ಹಿಂದಿನಿಂದಲೇ ಬಂದವೆಂದರು; ಒಬ್ಬರು ಒಪ್ಪಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಣ್ಣು ಚಲನೆಯನ್ನು ಕಾಣುತ್ತದೆ, ಕಾರಣವನ್ನು ಕಾಣುವುದಿಲ್ಲ.

ಇದಕ್ಕೆ ಇನ್ನೊಂದು ಸೊಗಸಾದ ಉದಾಹರಣೆ ‘ಛತ್ರಿ ಹಿಡಿದ ಮನುಷ್ಯ’. ಬಿಸಿಲು ಬೆಳಗುತ್ತಿದ್ದ ಆ ಹೊತ್ತಿನಲ್ಲಿ, ಗುಂಡು ಬಿದ್ದ ಜಾಗದ ಬಳಿಯಲ್ಲೇ ಒಬ್ಬಾತ ಕಪ್ಪು ಛತ್ರಿ ಬಿಚ್ಚಿ ನಿಂತಿರುವುದು ಚಿತ್ರಗಳಲ್ಲಿದೆ. ಆತ ಕೊಲೆಗಾರರಿಗೆ ಸಂಕೇತ ಕೊಟ್ಟ, ಛತ್ರಿಯೊಳಗೇ ಆಯುಧವಿತ್ತು ಎಂದೆಲ್ಲ ಊಹೆಗಳೆದ್ದವು. 1978ರಲ್ಲಿ ಆತನೇ ಸಂಸತ್ ಸಮಿತಿಯ ಮುಂದೆ ಹಾಜರಾದ. ಕೆನಡಿಯವರ ತಂದೆ ಎರಡನೇ ಮಹಾಯುದ್ಧಕ್ಕೆ ಮೊದಲು ಬ್ರಿಟನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗ, ಹಿಟ್ಲರನೊಡನೆ ರಾಜಿಗೆ ಹೊರಟ ಪ್ರಧಾನಿ ಚೇಂಬರ್ಲಿನ್‌ರನ್ನು ಬೆಂಬಲಿಸಿದ್ದರು. ಚೇಂಬರ್ಲಿನ್ ಕೈಯಲ್ಲಿ ಸದಾ ಛತ್ರಿ. ಅದನ್ನು ನೆನಪಿಸಿ ಮಗನನ್ನು ಚುಚ್ಚುವುದಷ್ಟೇ ಈತನ ಉದ್ದೇಶವಾಗಿತ್ತು! ಎರೋಲ್ ಮಾರಿಸ್ 2011ರಲ್ಲಿ ಇದನ್ನೇ ಒಂದು ಕಿರುಚಿತ್ರವಾಗಿಸಿದರು. ಅದರಲ್ಲಿ ಕಥೆ ಹೇಳುವವರು ಜೋಸಯಾ ಥಾಂಪ್ಸನ್, ಸ್ವತಃ ವಾರನ್ ವರದಿಯ ಹಳೆಯ ಟೀಕಾಕಾರರು. ಯಾವ ಘಟನೆಯನ್ನೇ ಆಗಲಿ ಭೂತಗನ್ನಡಿಯಡಿ ಇಟ್ಟರೆ ವಿಚಿತ್ರವೆನಿಸುವ ಸಂಗತಿಗಳು ಕಂಡೇ ಕಾಣುತ್ತವೆ. ವಿಚಿತ್ರವಾದದ್ದೆಲ್ಲ ಸಂಚಲ್ಲ ಎಂಬುದು ಆ ಕಿರುಚಿತ್ರದ ಪಾಠ.

ಬೆರಳು ತೋರಿಸುವ ಅಪಾಯ

ಪ್ರಶ್ನೆ ಕೇಳುವುದು ಬೇರೆ, ಉತ್ತರವನ್ನು ಘೋಷಿಸುವುದು ಬೇರೆ. 1988ರಲ್ಲಿ ಬ್ರಿಟನ್ನಿನ ಖಾಸಗಿ ಟೆಲಿವಿಷನ್ನಿನಲ್ಲಿ ‘ದ ಮೆನ್ ಹೂ ಕಿಲ್ಡ್ ಕೆನಡಿ’ ಎಂಬ ಮಾಲಿಕೆ ಪ್ರಸಾರವಾಯಿತು. ಕೊಂದವರು ಫ್ರಾನ್ಸಿನ ಪಾತಕ ಲೋಕದ ಮೂವರು ಎಂದು ಅದು ಹೆಸರು ಹಿಡಿದೇ ಹೇಳಿತು. ಆಧಾರ, ಜೈಲಿನಲ್ಲಿದ್ದ ಒಬ್ಬ ಅಪರಾಧಿಯ ಮಾತು. ಮೂವರಲ್ಲಿ ಒಬ್ಬ ಅಷ್ಟರಲ್ಲಿ ಸತ್ತಿದ್ದ. ಉಳಿದಿಬ್ಬರ ವಿಷಯ ವಿಚಾರಿಸಿದಾಗ, 1963ರ ನವೆಂಬರ್‌ನಲ್ಲಿ ಒಬ್ಬ ಫ್ರಾನ್ಸಿನ ಜೈಲಿನಲ್ಲಿದ್ದ, ಇನ್ನೊಬ್ಬ ನೌಕಾಪಡೆಯ ಸೇವೆಯಲ್ಲಿದ್ದ ಎಂದು ತಿಳಿದುಬಂತು.

ಅದೇ ಮಾಲಿಕೆಗೆ 2003ರಲ್ಲಿ ಅಮೆರಿಕದ ಹಿಸ್ಟರಿ ಚಾನೆಲ್ ಹೊಸ ಕಂತುಗಳನ್ನು ಸೇರಿಸಿತು. ಒಂದು ಕಂತು, ಹತ್ಯೆಯ ಹಿಂದೆ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಅವರೇ ಇದ್ದರು ಎಂದು ಆರೋಪಿಸಿತು. ಜಾನ್ಸನ್ ಪತ್ನಿ, ಹಳೆಯ ಸಹಾಯಕರು, ಇಬ್ಬರು ಮಾಜಿ ಅಧ್ಯಕ್ಷರು ಪ್ರತಿಭಟಿಸಿದರು. ವಾಹಿನಿ ಮೂವರು ಇತಿಹಾಸಕಾರರನ್ನು ಕರೆಸಿ ಪರಿಶೀಲಿಸಲು ಕೋರಿತು. ಆರೋಪಕ್ಕೆ ಆಧಾರವಿಲ್ಲವೆಂದು ಅವರು ಒಕ್ಕೊರಲಿನಿಂದ ಹೇಳಿದರು. 2004ರಲ್ಲಿ ವಾಹಿನಿ ತಪ್ಪೊಪ್ಪಿಕೊಂಡು ಆ ಕಂತನ್ನು ಮತ್ತೆ ತೋರಿಸುವುದಿಲ್ಲ ಎಂದಿತು.

ಮುಚ್ಚಿಟ್ಟವರ ಪಾಲು

ಹಾಗಾದರೆ ಸಂದೇಹ ಪಡುವವರೆಲ್ಲ ಭ್ರಾಂತರೇ? ಹಾಗೆನ್ನುವಂತಿಲ್ಲ. ಸಂದೇಹದ ಬೀಜ ಬಿತ್ತಿದ್ದರಲ್ಲಿ ಸರ್ಕಾರಿ ಸಂಸ್ಥೆಗಳ ಪಾಲೂ ದೊಡ್ಡದು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಹತ್ಯೆಗೆ ಸಿ.ಐ.ಎ. ಮಾಫಿಯಾದೊಡನೆ ಸೇರಿ ಹೂಡಿದ್ದ ಸಂಚುಗಳನ್ನು ವಾರನ್ ಆಯೋಗಕ್ಕೆ ತಿಳಿಸಲಿಲ್ಲ. ಸಿ.ಐ.ಎ.ಯ ಮಾಜಿ ಮುಖ್ಯಸ್ಥ ಆಲನ್ ಡಲಸ್ ಆಯೋಗದ ಸದಸ್ಯರೇ ಆಗಿದ್ದರೂ ಅದು ಹೊರಬೀಳಲಿಲ್ಲ. ಹತ್ಯೆಗೆ ಕೆಲವು ದಿನ ಮೊದಲು ಆಸ್ವಾಲ್ಡ್ ಡಲ್ಲಾಸಿನ ಎಫ್.ಬಿ.ಐ. ಕಚೇರಿಗೆ ಒಂದು ಚೀಟಿ ಕೊಟ್ಟಿದ್ದ. ಅವನು ಸತ್ತ ಮೇಲೆ ಅದನ್ನು ನಾಶಮಾಡಲಾಯಿತು. ಈ ಎರಡೂ ಸಂಗತಿ ದೇಶಕ್ಕೆ ತಿಳಿದದ್ದು 1975ರಲ್ಲಿ. 1978ರಲ್ಲಿ ಸಂಸತ್ ಸಮಿತಿಗೆ ಕಡತ ಒದಗಿಸಲು ಸಿ.ಐ.ಎ. ನೇಮಿಸಿದ ಅಧಿಕಾರಿ ಜಾರ್ಜ್ ಜೊವಾನಿಡಿಸ್, 1963ರಲ್ಲಿ ಕ್ಯಾಸ್ಟ್ರೋ ವಿರೋಧಿ ವಿದ್ಯಾರ್ಥಿ ಸಂಘಟನೆಯೊಂದನ್ನು ನೋಡಿಕೊಳ್ಳುತ್ತಿದ್ದವರು. ಆಸ್ವಾಲ್ಡ್ ಬೀದಿಜಗಳವಾಡಿದ್ದು ಅದೇ ಸಂಘಟನೆಯ ಸದಸ್ಯರೊಡನೆ. ಈ ಸಂಬಂಧವನ್ನು ಸಮಿತಿಗೆ ಯಾರೂ ಹೇಳಲಿಲ್ಲ.

ಮುಜುಗರ ತಪ್ಪಿಸಿಕೊಳ್ಳಲು ಮುಚ್ಚಿಟ್ಟದ್ದು ಕೊಲೆಗೆ ಪುರಾವೆಯಾಗದು. ಆದರೆ ಮುಚ್ಚಿಟ್ಟವರ ಮಾತನ್ನು ಜನ ನಂಬಬೇಕೆನ್ನುವುದೂ ನ್ಯಾಯವಲ್ಲ. 1991ರಲ್ಲಿ ಆಲಿವರ್ ಸ್ಟೋನ್ ಅವರ ‘ಜೆ.ಎಫ್.ಕೆ.’ ಬಂತು. ಅದು ಸಾಕ್ಷ್ಯಚಿತ್ರವಲ್ಲ, ಕಥಾಚಿತ್ರ. ಇತಿಹಾಸಕಾರರು ಅದರಲ್ಲಿ ನೂರೆಂಟು ತಪ್ಪು ಹುಡುಕಿದ್ದಾರೆ. ಆದರೆ ಅನೇಕ ಕಡತಗಳು 2029ರವರೆಗೆ ಬೀಗಮುದ್ರೆಯಲ್ಲಿವೆ ಎಂದು ಅದು ಕೊನೆಯಲ್ಲಿ ತೋರಿಸಿದ ಒಕ್ಕಣೆ ಕೆಲಸ ಮಾಡಿತು. 1992ರಲ್ಲಿ ಸಂಸತ್ತು ಕಡತ ಬಿಡುಗಡೆಯ ಕಾಯಿದೆ ಮಾಡಿತು. ರಾಷ್ಟ್ರೀಯ ದಫ್ತರಖಾನೆಯಲ್ಲಿ ಇಂದು ಈ ಸಂಬಂಧ ಸುಮಾರು 50 ಲಕ್ಷ ಪುಟಗಳ ಸಂಗ್ರಹವಿದೆ. ಮಾರ್ಚ್ 2025ರಲ್ಲೂ ಒಂದು ದೊಡ್ಡ ಕಂತು ಹೊರಬಂತು. ಆಸ್ವಾಲ್ಡ್ ಅಲ್ಲದೆ ಬೇರೊಬ್ಬ ಗುಂಡಿಟ್ಟನೆಂದು ಸಾಬೀತುಪಡಿಸುವ ಕಾಗದ ಇದುವರೆಗೆ ಸಿಕ್ಕಿಲ್ಲ. ಆದರೂ 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ಹತ್ತರಲ್ಲಿ ಆರಕ್ಕೂ ಹೆಚ್ಚು ಅಮೆರಿಕನ್ನರು ಸಂಚು ನಡೆದಿದೆ ಎಂದೇ ನಂಬಿದ್ದರು. ತಡವಾಗಿ ಹೇಳಿದ ಸತ್ಯಕ್ಕೆ ಇರುವ ಬೆಲೆ ಅಷ್ಟೇ.

ಸೆರೆಮನೆಯಲ್ಲಿ ಕಳೆದ ಇಪ್ಪತ್ತು ವರ್ಷ

ಅಧಿಕೃತ ವಿವರಣೆಯನ್ನು ಪ್ರಶ್ನಿಸುವುದು ಬರೀ ಕುತೂಹಲದ ಮಾತಲ್ಲ ಎಂದು ತೋರಿಸಿದ್ದು ಇನ್ನೊಂದು ಹತ್ಯೆ. 1965ರ ಫೆಬ್ರುವರಿ 21ರಂದು, ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ನ್ಯೂಯಾರ್ಕಿನ ಆಡುಬಾನ್ ಸಭಾಂಗಣದಲ್ಲಿ ಭಾಷಣಕ್ಕೆ ನಿಂತಾಗ ಗುಂಡಿಗೆ ಬಲಿಯಾದರು. ಅವರು ಬಿಟ್ಟು ಬಂದಿದ್ದ ‘ನೇಷನ್ ಆಫ್ ಇಸ್ಲಾಂ’ ಪಂಥದ ಮೂವರಿಗೆ 1966ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮೂವರಲ್ಲಿ ಸ್ಥಳದಲ್ಲೇ ಸಿಕ್ಕಿಬಿದ್ದಿದ್ದವನು ತನ್ನ ತಪ್ಪನ್ನು ಒಪ್ಪಿಕೊಂಡ. ಆದರೆ ಇನ್ನಿಬ್ಬರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನ್ಯಾಯಾಲಯದಲ್ಲೇ ಹೇಳಿದ. ಎಪ್ಪತ್ತರ ದಶಕದ ಕೊನೆಯಲ್ಲಿ ಪ್ರಮಾಣಪತ್ರ ಬರೆದುಕೊಟ್ಟು, ನಿಜವಾದ ಸಂಗಡಿಗರು ಬೇರೆ ನಾಲ್ವರು ಎಂದ. ನ್ಯಾಯಾಲಯ ಮೊಕದ್ದಮೆಯನ್ನು ಮತ್ತೆ ತೆರೆಯಲಿಲ್ಲ.

ಆ ಇಬ್ಬರು, ಮುಹಮ್ಮದ್ ಅಜೀಜ್ ಮತ್ತು ಖಲೀಲ್ ಇಸ್ಲಾಂ. ಅಜೀಜ್ 1985ರವರೆಗೆ, ಇಸ್ಲಾಂ 1987ರವರೆಗೆ ಸೆರೆಯಲ್ಲಿದ್ದರು. ಹೊರಬಂದ ಮೇಲೂ ಅವರು ಜನರ ಕಣ್ಣಿಗೆ ‘ಮಾಲ್ಕಂ ಎಕ್ಸ್‌ನ ಕೊಲೆಗಾರರು’. ಖಲೀಲ್ ಇಸ್ಲಾಂ 2009ರಲ್ಲಿ ಆ ಕಳಂಕ ಹೊತ್ತೇ ತೀರಿಕೊಂಡರು.

2020ರ ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಹೂ ಕಿಲ್ಡ್ ಮಾಲ್ಕಂ ಎಕ್ಸ್?’ ಎಂಬ ಆರು ಕಂತುಗಳ ಸಾಕ್ಷ್ಯಚಿತ್ರ ಬಂತು. ಅದರ ಕೇಂದ್ರದಲ್ಲಿರುವವರು ಅಬ್ದುರ್ ರಹಮಾನ್ ಮುಹಮ್ಮದ್ ಎಂಬ ಹವ್ಯಾಸಿ ಸಂಶೋಧಕ. ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ವರ್ಷಗಟ್ಟಲೆ ಹಳೆಯ ಎಫ್.ಬಿ.ಐ. ಕಡತ ತಿರುವಿ, ವಯಸ್ಸಾದ ಸಾಕ್ಷಿಗಳ ಬಾಗಿಲು ತಟ್ಟಿದವರು. ಸಾಕ್ಷ್ಯಚಿತ್ರ ಬಂದೊಡನೆ ಮ್ಯಾನ್‌ಹಟನ್ನಿನ ಜಿಲ್ಲಾ ಅಭಿಯೋಜಕರು ಮರುಪರಿಶೀಲನೆಗೆ ಒಪ್ಪಿದರು. ಸುಮಾರು 22 ತಿಂಗಳ ಪರಿಶೀಲನೆಯಲ್ಲಿ, ಆ ಇಬ್ಬರಿಗೆ ಅನುಕೂಲವಾಗಬಹುದಿದ್ದ ದಾಖಲೆಗಳನ್ನು ಎಫ್.ಬಿ.ಐ. ಮತ್ತು ನ್ಯೂಯಾರ್ಕ್ ಪೊಲೀಸರು ತಡೆಹಿಡಿದಿದ್ದರೆಂದು ಬಯಲಾಯಿತು. 2021ರ ನವೆಂಬರ್ 18ರಂದು ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು. ಅಭಿಯೋಜಕರು ತುಂಬಿದ ನ್ಯಾಯಾಲಯದಲ್ಲಿ ಕ್ಷಮೆ ಕೇಳಿದರು. ಅಜೀಜ್ ಅವರಿಗೆ ಆಗ 83 ವರ್ಷ. 2022ರಲ್ಲಿ ನಗರ ಮತ್ತು ರಾಜ್ಯ ಸರ್ಕಾರಗಳು ಅಜೀಜ್‌ಗೂ ಇಸ್ಲಾಂ ಅವರ ವಾರಸುದಾರರಿಗೂ ಒಟ್ಟು 3.6 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿದವು.

ಈ ಸಾಕ್ಷ್ಯಚಿತ್ರ ಎರಡು ಕೆಲಸ ಮಾಡಿತು ಎಂಬುದನ್ನು ಗಮನಿಸಬೇಕು. ಶಿಕ್ಷೆಯಾದ ಇಬ್ಬರು ನಿರಪರಾಧಿಗಳೆಂದು ವಾದಿಸಿತು. ಅದನ್ನು ಅಭಿಯೋಜಕರು ಪರಿಶೀಲಿಸಿದರು, ನ್ಯಾಯಾಲಯ ಒಪ್ಪಿತು. ಜೊತೆಗೆ, 2018ರಲ್ಲಿ ತೀರಿಕೊಂಡಿದ್ದ ಇನ್ನೊಬ್ಬನೇ ನಿಜವಾದ ಹಂತಕ ಎಂದೂ ಹೇಳಿತು. ಅದು ಇಂದಿಗೂ ಆರೋಪವೇ. ಆತನ ಪರವಾಗಿ ಪಾಟೀಸವಾಲು ಮಾಡಿದ ವಕೀಲರಿಲ್ಲ.

ನೋಡುಗನ ಹೊಣೆ

ಇಷ್ಟೆಲ್ಲ ನೋಡಿದ ಮೇಲೆ ಸಾಮಾನ್ಯ ಪ್ರೇಕ್ಷಕನಿಗೆ ಕೆಲವು ಸರಳ ಅಳತೆಗೋಲುಗಳು ಸಿಗುತ್ತವೆ. ಚಿತ್ರ ಹೊಸ ದಾಖಲೆ ತೋರಿಸುತ್ತಿದೆಯೋ, ಹಳೆಯ ಊಹೆಗೆ ಹೊಸ ಸಂಗೀತ ಕಟ್ಟಿದೆಯೋ? ಎದುರು ಪಕ್ಷದ ಬಲವಾದ ವಾದವನ್ನು ಹೇಳುತ್ತದೆಯೋ, ನುಂಗಿಹಾಕುತ್ತದೆಯೋ? ಅಧಿಕೃತ ವರದಿಯಲ್ಲಿನ ಬಿರುಕು ತೋರಿಸಿ ನಿಲ್ಲುತ್ತದೆಯೋ, ಆ ಬಿರುಕಿನೊಳಗೆ ತನಗೆ ಬೇಕಾದವನನ್ನು ತಂದು ನಿಲ್ಲಿಸುತ್ತದೆಯೋ? ಮತ್ತು ಹೆಸರು ಹೇಳಿ ಬೆರಳು ತೋರಿಸಿದಾಗ, ಆ ಮನುಷ್ಯ ಅಂದು ಎಲ್ಲಿದ್ದ ಎಂದು ಯಾರಾದರೂ ವಿಚಾರಿಸಿದ್ದಾರೆಯೇ?

ಆಯೋಗಗಳು ಅವಸರ ಮಾಡುತ್ತವೆ, ಪೊಲೀಸರು ಕಾಗದ ಮುಚ್ಚಿಡುತ್ತಾರೆ, ನ್ಯಾಯಾಲಯಗಳು ತಪ್ಪುತ್ತವೆ. ಹಾಗೆಯೇ ಕ್ಯಾಮೆರಾ ಹಿಡಿದವರೂ ತಪ್ಪುತ್ತಾರೆ. ಮೊದಲನೆಯವರ ತಪ್ಪಿನಿಂದ ಇಬ್ಬರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸೆರೆಮನೆಯಲ್ಲಿ ಕಳೆದರು. ಎರಡನೆಯವರ ತಪ್ಪಿನಿಂದ, ಹತ್ಯೆಯ ದಿನ ಸಾವಿರಾರು ಮೈಲಿ ದೂರದಲ್ಲಿದ್ದವನೊಬ್ಬ ಒಂದು ರಾತ್ರಿ ಕಳೆಯುವುದರೊಳಗೆ ಲೋಕದ ಕಣ್ಣಿಗೆ ಕೊಲೆಗಾರನಾದ.

ಜಪ್ರೂಡರ್ 1970ರಲ್ಲಿ ತೀರಿಕೊಂಡರು. ಅವರ ಫಿಲ್ಮನ್ನು ಅಮೆರಿಕ ಸರ್ಕಾರ 1.6 ಕೋಟಿ ಡಾಲರ್ ತೆತ್ತು ವಶಪಡಿಸಿಕೊಂಡು ರಾಷ್ಟ್ರೀಯ ದಫ್ತರಖಾನೆಯಲ್ಲಿ ಕಾಪಾಡುತ್ತಿದೆ. ಅವರು ಕಟ್ಟೆಯ ಮೇಲೆ ನಿಂತು ಯಾವ ವಾದವನ್ನೂ ಮಂಡಿಸಲಿಲ್ಲ, ಕಂಡದ್ದನ್ನು ದಾಖಲಿಸಿದರು. ಅರ್ಥ ಹಚ್ಚುವ ಕೆಲಸ ನಮ್ಮದಾಯಿತು. ಅರವತ್ತು ವರ್ಷ ಕಳೆದರೂ ಆ ಇಪ್ಪತ್ತಾರು ಸೆಕೆಂಡುಗಳ ಅರ್ಥದ ಬಗ್ಗೆ ಜನ ಒಂದಾಗಿಲ್ಲ.